ಒಂದೇ ಅಪರಾಧಕ್ಕೆ ಒಬ್ಬರು ಗಲ್ಲುಶಿಕ್ಷೆಯನ್ನೂ ಇನ್ನೊಬ್ಬರು ಸುಧಾರಣೆಯನ್ನೂ ಬಯಸುವುದೇಕೆ?

ಅಪರಾಧ ಏಕೆ ನಡೆಯುತ್ತದೆ ಎಂಬ ಬಗ್ಗೆ ಅವರಿಬ್ಬರ ನಂಬಿಕೆ ಬೇರೆಯಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಅಪರಾಧಿ ತಿಳಿದೂ ತಿಳಿದೂ ಕೆಡುಕನ್ನು ಆರಿಸಿಕೊಂಡ ಎಂದು ನಂಬುವವರಿಗೆ ಶಿಕ್ಷೆಯೆಂದರೆ ತಪ್ಪಿಗೆ ತಕ್ಕ ಫಲ; ಬಡತನ, ಹಿಂಸೆ ತುಂಬಿದ ಬಾಲ್ಯ, ಕೆಟ್ಟ ಸಹವಾಸ ಅವನನ್ನು ಅಲ್ಲಿಗೆ ತಂದವು ಎನ್ನುವವರಿಗೆ ಅದು ತಿದ್ದುವ ದಾರಿ. ಕೃತ್ಯದಲ್ಲಿ ಸ್ವಂತ ಆಯ್ಕೆಯ ಪಾಲು ಎಷ್ಟೆಂದು ನಾವು ಅಂದಾಜಿಸುತ್ತೇವೋ ಅಷ್ಟೇ ಹೊಣೆ ಹೊರಿಸುತ್ತೇವೆ, ಆ ಹೊಣೆಗೆ ತಕ್ಕಂತೆ ನಮ್ಮ ಕೋಪವೂ ಏರುತ್ತದೆ.

2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಇದು ನಿಚ್ಚಳವಾಗಿ ಕಂಡಿತು. ಅಪರಾಧಿಗಳಲ್ಲಿ ಒಬ್ಬನಿಗೆ 18 ತುಂಬಿರದ ಕಾರಣ ಅವನಿಗೆ ವಿಧಿಸಿದ್ದು 3 ವರ್ಷಗಳ ಸುಧಾರಣಾ ಗೃಹವಾಸ. ಕ್ರೌರ್ಯದಿಂದ ತತ್ತರಿಸಿದ ಜನ ಇದನ್ನು ಅನ್ಯಾಯವೆಂದರು, ಈ ಪ್ರಕರಣದ ನಂತರ ಕಾನೂನು ಸುಧಾರಣೆಗಾಗಿ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಮಾತ್ರ ಬಾಲಾಪರಾಧಿಯ ವಯೋಮಿತಿಯನ್ನು ಇಳಿಸಲು ಶಿಫಾರಸು ಮಾಡಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, 16 ತುಂಬಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಪರಿಣಾಮವನ್ನು ಅರಿಯುವ ಶಕ್ತಿ ಅವರಿಗಿತ್ತೇ, ಕೃತ್ಯ ಯಾವ ಸಂದರ್ಭದಲ್ಲಿ ನಡೆಯಿತು ಎಂಬುದನ್ನು ಬಾಲನ್ಯಾಯ ಮಂಡಳಿಯು ಮೊದಲು ಪರಿಶೀಲಿಸಬೇಕು. ವಯಸ್ಕರಂತೆ ವಿಚಾರಣೆ ಆ ನಂತರವಷ್ಟೇ. ಆಗಲೂ ಮರಣದಂಡನೆಗೆ ಅವಕಾಶವಿಲ್ಲ, ಅದು ಸರಿಯೆಂದೇ ನಾನು ಭಾವಿಸುತ್ತೇನೆ.