ಓದು ನಿಧಾನವೆಂದು ಬಡ್ತಿ ಬಿಡಬೇಕೆ?

ತುಮಕೂರಿನ ಓದುಗರೊಬ್ಬರ ಪತ್ರದ ಸಾರ: “ಕಲಿಕೆಯ ತೊಂದರೆ ಬಗ್ಗೆ ನೀವು ಬರೆಯುವುದೆಲ್ಲ ಮಕ್ಕಳಿಗೇ. ಆ ಮಕ್ಕಳು ದೊಡ್ಡವರಾಗುವುದಿಲ್ಲವೇ? ನನಗೀಗ 34. ಐಟಿಐ ಫಿಟ್ಟರ್, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕಾಯಂ ಕೆಲಸ. ನನಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹಕ್ಕೆ ತೊಡಕಾಗುವ ಕಲಿಕೆಯ ತೊಂದರೆ, ಇದೆಯೆಂದು ಹೋದ ವರ್ಷ ಗೊತ್ತಾಯಿತು. ಈಗ ಲೈನ್ ಸೂಪರ್‌ವೈಸರ್ ಮಾಡುತ್ತೇವೆ ಅಂತಿದ್ದಾರೆ. ಶಿಫ್ಟ್ ರಿಪೋರ್ಟು, ಇಮೇಲು ಎಲ್ಲ ನಾನೇ ಬರೆಯಬೇಕು. ಬೇಡ ಅಂದುಬಿಡಲೇ? ಆಫೀಸಿನಲ್ಲಿ ವಿಷಯ ಹೇಳಲೇ? ಅಂಗವಿಕಲರ ಸರ್ಟಿಫಿಕೇಟ್ ಮಾಡಿಸಲೇ? ಈ ಪತ್ರವನ್ನೂ ಫೋನಿಗೆ ಹೇಳಿ ಬರೆಸಿದ್ದೇನೆ.”

ಪ್ರಿಯರೇ,

ಬೇಡ ಅನ್ನಬೇಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಿಮ್ಮ ತಕರಾರು ನ್ಯಾಯವಾದದ್ದು. ಡಿಸ್ಲೆಕ್ಸಿಯಾ ಶಾಲೆ ಬಿಟ್ಟ ದಿನ ಬಿಟ್ಟುಹೋಗುವಂಥದ್ದಲ್ಲ, ಜೀವನಪೂರ್ತಿ ಇರುತ್ತದೆ. ನೀವು ಎಸ್ಸೆಸ್ಸೆಲ್ಸಿ ಬರೆದ ಕಾಲಕ್ಕೆ ಜಾರಿಯಲ್ಲಿದ್ದದ್ದು 1995ರ ಅಂಗವಿಕಲರ ಕಾಯ್ದೆ. ಅದರ ಏಳು ನ್ಯೂನತೆಗಳ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಸುಳಿವೇ ಇರಲಿಲ್ಲ. 2016ರ ಹೊಸ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಅದೂ ಸೇರಿತು. ಅಷ್ಟರಲ್ಲಿ ನೀವು ಕೆಲಸಕ್ಕೆ ಸೇರಿಯಾಗಿತ್ತು.

ನಮ್ಮ ಕಡೆ ಇದು ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿದೆ. ಕನ್ನಡ ಮೀಡಿಯಂ ಹುಡುಗ ಇಂಗ್ಲಿಷಿನಲ್ಲಿ ತಡವರಿಸಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಇದ್ದದ್ದೇ ಅನ್ನುತ್ತಾರೆ. ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೆಚ್ಚಿನ ಜಗಳವಿಲ್ಲದ್ದರಿಂದ ಡಿಸ್ಲೆಕ್ಸಿಯಾ ಇರುವವರೂ ಬರಬರುತ್ತ ಬಹುಮಟ್ಟಿಗೆ ತಪ್ಪಿಲ್ಲದೆ ಓದುವುದನ್ನು ಕಲಿಯಬಹುದು, ಆದರೆ ನಿಧಾನ ಉಳಿಯುತ್ತದೆ. ಒಮ್ಮೊಮ್ಮೆ ಒತ್ತಕ್ಷರ ಜಾರುತ್ತದೆ, ದೀರ್ಘ ಬಿಟ್ಟುಹೋಗುತ್ತದೆ, ‘ಮ’ ಇದ್ದಲ್ಲಿ ‘ವ’ ಕಾಣುತ್ತದೆ. ಇಂಗ್ಲಿಷಿನ ಸ್ಪೆಲಿಂಗು ಇಷ್ಟೂ ದಯೆ ತೋರುವುದಿಲ್ಲ. ಹಾಗಂತ ಇಂಗ್ಲಿಷ್ ಬಾರದವರಿಗೆಲ್ಲ ಡಿಸ್ಲೆಕ್ಸಿಯಾ ಇದೆ ಎಂದಲ್ಲ. ಕೊರಟಗೆರೆ, ಕುಣಿಗಲ್ ಬಸ್ಸುಗಳನ್ನು ಬೋರ್ಡು ನೋಡಿ ಹತ್ತದೆ, ಕಂಡಕ್ಟರ್ ಕೂಗಿಗೆ ಕಾಯುತ್ತೇನೆ ಎಂದೂ ಬರೆದಿದ್ದೀರಲ್ಲ, ಅದು ಇಂಗ್ಲಿಷಿನ ಸಮಸ್ಯೆಯಲ್ಲ.

ಇಂಥ ಪತ್ರಗಳಿಗೆ ಐನ್‌ಸ್ಟೈನ್ ಹೆಸರು ಹೇಳಿ ಧೈರ್ಯ ತುಂಬುವ ರೂಢಿಯಿದೆ. ಆತನಿಗೆ ಡಿಸ್ಲೆಕ್ಸಿಯಾ ಇತ್ತೆನ್ನಲು ಗಟ್ಟಿ ಪುರಾವೆಯಿಲ್ಲ. ಉದ್ಯಮಿ ರಿಚರ್ಡ್ ಬ್ರಾನ್ಸನ್ ತನಗಿದೆ ಎಂದು ತಾನೇ ಹೇಳಿಕೊಂಡಿದ್ದಾರೆ, ನಿಜ. ಆದರೆ ವಿಮಾನ ಕಂಪನಿ ಕಟ್ಟಿದವರ ಪತ್ರ ಬರೆಯಲು ಜನ ಇರುತ್ತಾರೆ, ನಿಮ್ಮ ಶಿಫ್ಟ್ ರಿಪೋರ್ಟನ್ನು ನೀವೇ ಬರೆಯಬೇಕು. ಅದಕ್ಕೇ ಅದರ ಬಗ್ಗೆ ಮಾತಾಡೋಣ.

ರಿಪೋರ್ಟಿನಲ್ಲಿ ಏನಿರುತ್ತದೆ? ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್, ಯಾವ ಮೆಷಿನ್ ಎಷ್ಟು ಹೊತ್ತು ನಿಂತಿತು, ಯಾಕೆ. ಇದರಲ್ಲಿ ವಾಕ್ಯ ಬೇಡುವುದು ಕೊನೆಯದೊಂದೇ. ಉಳಿದದ್ದನ್ನು ಅಂಕಿ ತುಂಬುವ, ಟಿಕ್ ಹಾಕುವ ಫಾರಂ ಮಾಡಿಕೊಡಿ ಎಂದು ಕೇಳಿ. ನಿಮಗಷ್ಟೇ ಅಲ್ಲ, ಮುಂದಿನ ಶಿಫ್ಟಿನವರಿಗೂ ಅನುಕೂಲ. ‘ಯಾಕೆ’ ಎಂಬುದನ್ನು ಈ ಪತ್ರ ಬರೆಸಿದ ಹಾಗೆಯೇ ಬಾಯಲ್ಲಿ ಹೇಳಿ ಬರೆಸಿ. ಆಮೇಲೆ ಕಣ್ಣಿನಿಂದ ತಿದ್ದಲು ಹೋಗಬೇಡಿ, ಗಟ್ಟಿಯಾಗಿ ಓದಿಸಿ ಕೇಳಿ. ಕಣ್ಣು ದಾಟಿಹೋದ ತಪ್ಪು ಎಷ್ಟೋ ಸಲ ಕಿವಿಗೆ ಸಿಗುತ್ತದೆ. ಲೈನಿನ ಮೇಲೆ ಫೋನ್ ಬಿಡದ ಕಾರ್ಖಾನೆಗಳು ಬಹಳ. ಹಾಗಿದ್ದರೆ ಆಫೀಸಿನ ಕಂಪ್ಯೂಟರಿನಲ್ಲಿ ಆ ಸೌಲಭ್ಯ ಹಾಕಿಸಿಕೊಡಲು ಹೇಳಿ. ನನಗೆ ಹೆಚ್ಚು ಭಯ ಬ್ಯಾಚ್ ನಂಬರಿನದು. 45 ಹೋಗಿ 54 ಆದರೆ ಒಂದು ಲಾಟ್ ಮಾಲೇ ತಿರುಗಿ ಬರಬಹುದು. ನಂಬರನ್ನು ನೋಡಿ ನಕಲು ಮಾಡಲೇಬೇಡಿ. ಸ್ಕ್ಯಾನರ್ ಇದ್ದರೆ ಅದೇ ಓದಲಿ, ಇಲ್ಲದಿದ್ದರೆ ನೀವು ಒಂದೊಂದೇ ಅಂಕಿ ಕೂಗಿ, ಇನ್ನೊಬ್ಬರು ತಾಳೆ ನೋಡಲಿ.

ಆಫೀಸಿನಲ್ಲಿ ಹೇಳಬೇಕೇ? ಕಾಯಿಲೆಯ ಹೆಸರು ಹೇಳಿದ ಹಾಗೆ ‘ಡಿಸ್ಲೆಕ್ಸಿಯಾ’ ಎಂದು ಶುರು ಮಾಡಿದರೆ ಕೇಳುವವರು ಏನನ್ನಾದರೂ ಊಹಿಸಿಕೊಂಡಾರು. ನಿಮ್ಮ ಕೆಲಸ ಕಂಡಿರುವ ಮೇಲಿನವರ ಹತ್ತಿರ ಮೊದಲು ಹೋಗಿ. “ಸಾರ್, ನಾನು ಓದೋದು ನಿಧಾನ. ಮೀಟಿಂಗ್ ಪೇಪರ್ ಹಿಂದಿನ ದಿನವೇ ಕೊಟ್ಟುಬಿಡಿ, ಓದ್ಕೊಂಡು ಬರ್ತೀನಿ” ಎನ್ನಿ. ಇಂಥದ್ದನ್ನು ಇಲ್ಲವೆನ್ನುವವರು ಕಡಿಮೆ. ಇಲ್ಲವೆಂದರೆ ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೊಡಿ, ಆಗ ಹೆಸರು ಹೇಳಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ವಿಕಲಚೇತನರಿಗೆ ಯಾವ ಸೌಲಭ್ಯ, ಯಾವ ಸಾಧನ ಕೊಡುತ್ತದೆ, ಇದನ್ನು ನೋಡಿಕೊಳ್ಳುವ ಅಧಿಕಾರಿ ಯಾರು ಎಂಬ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯ್ದೆಯಡಿಯ 2017ರ ನಿಯಮಗಳು ಹೇಳುತ್ತವೆ. ಅದರ ಪ್ರತಿ ಕೇಳಿ. ಒಂದು ಮಾತು ಮುಚ್ಚಿಡುವುದಿಲ್ಲ: ಕಾಯ್ದೆಯ ಬಿಗಿ ಇರುವುದು ಸರ್ಕಾರಿ ನೌಕರಿಯಲ್ಲಿ, ಖಾಸಗಿಯಲ್ಲಿ ಅದು ಸಡಿಲ. ನೀವು ಗುತ್ತಿಗೆದಾರನ ಕೈಕೆಳಗಿನ ಕೆಲಸಗಾರರಾಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ.

ಸರ್ಟಿಫಿಕೇಟಿಗೆ ಅವಸರವಿಲ್ಲ. ಅದು ಹೆಚ್ಚಾಗಿ ಕೆಲಸಕ್ಕೆ ಬರುವುದು ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರಿಗೆ. ಶೇ 4ರ ಮೀಸಲಾತಿಗೆ ನ್ಯೂನತೆ ಶೇ 40 ಇರಬೇಕು, ಅದರಲ್ಲೂ ಕಲಿಕಾ ನ್ಯೂನತೆಯವರಿಗೆ ಸಿಗುವುದು ಹಲವರೊಡನೆ ಹಂಚಿಕೊಳ್ಳುವ ಶೇ 1. ಆ ಆಸೆ ಇದ್ದರೆ ಯುಡಿಐಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಸದ್ಯಕ್ಕೆ ಒಪ್ಪಿಗೆ ಕೊಡುವ ಮೊದಲು ಈಗಿನ ಸೂಪರ್‌ವೈಸರ್ ಬಳಸುವ ರಿಪೋರ್ಟಿನ ಖಾಲಿ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಮನೆಯಲ್ಲಿ ಕೂತು ತುಂಬಿ ನೋಡಿ. ಎಲ್ಲೆಲ್ಲಿ ಕೈ ನಿಂತಿತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಮೇಲಿನವರನ್ನು ಕಾಣಲು ಹೋಗುವಾಗ ಅದನ್ನೇ ತೆಗೆದುಕೊಂಡು ಹೋಗಿ.

– ಸಂಪಾದಕ