ಓದುಗರ ಪ್ರಶ್ನೆ: ಜರ್ಮನಿಯಿಂದ ವಲಸೆ ಹೋದ ಹಿರಿಯರ ಊರು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ನನ್ನ ಅಳಿಯ ಅಮೆರಿಕದ ವಿಸ್ಕಾನ್ಸಿನ್‌ನವನು. ಅವನ ಮುತ್ತಜ್ಜ 1880ರ ದಶಕದಲ್ಲಿ ಜರ್ಮನಿಯಿಂದ ಬಂದವರಂತೆ. ಜನಗಣತಿಯಲ್ಲಿ ಹುಟ್ಟಿದ ಜಾಗ ‘ಪ್ರಶ್ಯಾ’ ಎಂದಷ್ಟೇ ಇದೆ. ಹ್ಯಾಂಬರ್ಗಿನ ಹಡಗು ಪಟ್ಟಿಯಲ್ಲಿ ಹೆಸರಿಲ್ಲ. ಮೊಮ್ಮಗಳಿಗೆ ಎರಡೂ ಕಡೆಯ ವಂಶಾವಳಿ ಬರೆದುಕೊಡುವ ಆಸೆ. ಎಲ್ಲಿಂದ ಶುರು ಮಾಡಲಿ? (ಮೈಸೂರು)

ಉತ್ತರ: ಜರ್ಮನಿಯ ಹುಡುಕಾಟವನ್ನು ಸದ್ಯಕ್ಕೆ ಬಿಟ್ಟು ಅಮೆರಿಕದಲ್ಲೇ ಹುಡುಕಿ. ಪ್ರಶ್ಯಾ ಊರಲ್ಲ, ರೈನ್ ನದಿಯ ಸೀಮೆಯಿಂದ ಇಂದಿನ ಪೋಲೆಂಡ್ ದಾಟಿ ಹಬ್ಬಿದ್ದ ರಾಜ್ಯ. ಹಳೆಯ ಜನನ, ಮದುವೆ, ಮರಣದ ದಾಖಲೆಗಳು ಅಲ್ಲಿ ಆಯಾ ಊರಿನ ಚರ್ಚಿನ ಪುಸ್ತಕದಲ್ಲಿವೆ. ಇಡೀ ದೇಶಕ್ಕೆ ಒಂದೇ ಪಟ್ಟಿ ಇಲ್ಲ. ಆದ್ದರಿಂದ ಊರಿನ ಹೆಸರು ಸಿಗದೆ ಮುಂದೆ ಹೋಗಲು ದಾರಿಯಿಲ್ಲ.

ಜನಗಣತಿಯ ಗುಮಾಸ್ತ ರಾಜ್ಯದ ಹೆಸರು ಬರೆದು ಸುಮ್ಮನಾಗುತ್ತಿದ್ದ. ಜರ್ಮನ್ ಭಾಷೆಯ ಚರ್ಚಿನ ಪಾದ್ರಿ ಎಷ್ಟೋ ಸಲ ಹಳ್ಳಿಯ ಹೆಸರನ್ನೇ ಬರೆಯುತ್ತಿದ್ದರು, ಅದರಲ್ಲೂ ಮದುವೆ ಮತ್ತು ಸಮಾಧಿ ರಿಜಿಸ್ಟರಿನಲ್ಲಿ. ಆ ಚರ್ಚು ಯಾವುದೆಂದು ತಿಳಿಯಲು ಸರ್ಕಾರಿ ಮದುವೆ ಪತ್ರ ನೋಡಿ. ಮದುವೆ ಮಾಡಿಸಿದ ಪಾದ್ರಿಯ ಹೆಸರು ಅದರಲ್ಲಿರುತ್ತದೆ. ಆ ವರ್ಷದ ನಗರ ಡೈರೆಕ್ಟರಿಯಲ್ಲಿ ಅವರ ಚರ್ಚು ಸಿಗುತ್ತದೆ. ಚರ್ಚು ಮುಚ್ಚಿಹೋಗಿದ್ದರೆ ಅದು ಸೇರಿದ್ದ ಲೂಥರನ್ ಸಿನೊಡ್ (ಚರ್ಚುಗಳ ಒಕ್ಕೂಟ) ಅಥವಾ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ದಾಖಲೆ ಭಂಡಾರಕ್ಕೆ ಬರೆಯಿರಿ. ಟೈಪ್ ಮಾಡಿದ ಪ್ರತಿ ಬೇಡ, ಇಡೀ ಪುಟದ ಫೋಟೊ ಕೇಳಿ. ನಕಲು ಮಾಡುವವರು ಹೆಚ್ಚಾಗಿ ತಪ್ಪುವುದು ಊರಿನ ಹೆಸರಲ್ಲೇ.

ಮುತ್ತಜ್ಜನ ದಾಖಲೆಯಲ್ಲಿ ಊರಿಲ್ಲದಿದ್ದರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಹೆಂಡತಿ, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಗಾಡ್‌ಫಾದರ್, ಗಾಡ್‌ಮದರ್ ಇವರೆಲ್ಲರ ದಾಖಲೆ ತೆಗೆಸಿ. ಒಂದೇ ಹಳ್ಳಿಯವರು ಒಬ್ಬರ ಹಿಂದೆ ಒಬ್ಬರು ಬಂದು ಒಂದೇ ಚರ್ಚಿಗೆ ಸೇರುತ್ತಿದ್ದರು. 1906ಕ್ಕಿಂತ ಹಿಂದಿನ ಪೌರತ್ವ ಪತ್ರಗಳಲ್ಲಿ ಸಾಮಾನ್ಯವಾಗಿ ದೇಶದ ಹೆಸರಷ್ಟೇ ಇರುತ್ತದೆ, ಅವುಗಳಿಗೆ ಹೆಚ್ಚು ಸಮಯ ಕೊಡಬೇಡಿ. ಹ್ಯಾಂಬರ್ಗ್ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ. ಆದರೆ ಲಕ್ಷಾಂತರ ಜನ ಹಡಗು ಹತ್ತಿದ್ದು ಬ್ರೆಮೆನ್‌ನಲ್ಲಿ, ಅಲ್ಲಿನ 19ನೇ ಶತಮಾನದ ಪಟ್ಟಿಗಳು ಬಹುತೇಕ ನಾಶವಾಗಿವೆ. ಹೆಸರು ಸಿಗಲಿಲ್ಲವೆಂದು ನಿರಾಶರಾಗಬೇಡಿ.

ಪ್ರಶ್ನೆ: ಊರು ‘ನೊಯೆನ್‌ಕಿರ್ಶೆನ್’ ಎಂದು ಸಿಕ್ಕಿತು. ನಕ್ಷೆಯಲ್ಲಿ ಆ ಹೆಸರಿನ ಹಲವು ಊರುಗಳಿವೆ! (ಶಿಕಾಗೊ)

ಉತ್ತರ: 1912ರ ಮೇಯರ್ಸ್ ಸ್ಥಳಕೋಶ ನೋಡಿ. ಮೇಯರ್ಸ್‌ಗ್ಯಾಜ್ ಜಾಲತಾಣದಲ್ಲಿ ಅದು ಉಚಿತ. ಜನಗಣತಿಯಲ್ಲಿ ‘ಹ್ಯಾನೋವರ್’, ‘ಓಲ್ಡನ್‌ಬರ್ಗ್’ ಎಂದೇನಾದರೂ ಇದ್ದರೆ ಆ ಪ್ರಾಂತ್ಯದ ಊರುಗಳನ್ನಷ್ಟೇ ಉಳಿಸಿಕೊಳ್ಳಿ. ಧರ್ಮವೂ ಜರಡಿಯೇ: ಕುಟುಂಬ ಕ್ಯಾಥೊಲಿಕ್ ಆಗಿದ್ದರೆ ಬರೀ ಪ್ರೊಟೆಸ್ಟೆಂಟ್ ಚರ್ಚಿರುವ ಊರಿನ ಸಾಧ್ಯತೆ ಕಡಿಮೆ. ಸಣ್ಣ ಹಳ್ಳಿಗೆ ಸ್ವಂತ ಚರ್ಚಿಲ್ಲದೆ ಪಕ್ಕದ ಊರಿನ ಪ್ಯಾರಿಷ್‌ಗೆ (ಒಂದು ಚರ್ಚಿನ ವ್ಯಾಪ್ತಿಗೆ) ಸೇರಿರುವುದೂ ಉಂಟು. ಸುತ್ತಲಿನ ಪ್ಯಾರಿಷ್‌ಗಳನ್ನೂ ದೂರವನ್ನೂ ಅದೇ ತಾಣ ತೋರಿಸುತ್ತದೆ.

ಪ್ಯಾರಿಷ್ ಗೊತ್ತಾದ ಮೇಲೆ ಪ್ರೊಟೆಸ್ಟೆಂಟ್ ಪುಸ್ತಕಗಳಿಗೆ ಆರ್ಕಿಯಾನ್ (ಹಣ ಕಟ್ಟಬೇಕು), ಕ್ಯಾಥೊಲಿಕ್ ಪುಸ್ತಕಗಳಿಗೆ ಮ್ಯಾಟ್ರಿಕುಲಾ (ಉಚಿತ, ಆದರೆ ಕೆಲವು ಧರ್ಮಪ್ರಾಂತ್ಯಗಳು ಅಲ್ಲಿಲ್ಲ), ಎರಡಕ್ಕೂ ಫ್ಯಾಮಿಲಿಸರ್ಚ್ ಜಾಲತಾಣಗಳನ್ನು ನೋಡಿ. ಆರ್ಕಿಯಾನ್‌ಗೆ ಹಣ ಕಟ್ಟುವ ಮೊದಲು ನಿಮ್ಮ ಪ್ಯಾರಿಷ್‌ನ, ನಿಮಗೆ ಬೇಕಾದ ವರ್ಷಗಳ ಪುಸ್ತಕ ಅಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹೆಚ್ಚಿನ ಪುಸ್ತಕಗಳಿಗೆ ಹೆಸರಿನ ಸೂಚಿ ಇಲ್ಲ, ಪುಟಪುಟವೂ ತಿರುವಬೇಕು.

ಪ್ರಶ್ನೆ: ಪುಟ ತೆರೆದೆ. ಜರ್ಮನ್ ಕಲಿತಿದ್ದರೂ ಒಂದಕ್ಷರ ಓದಲಾಗುತ್ತಿಲ್ಲ. (ಬೆಂಗಳೂರು)

ಉತ್ತರ: ಅದು ಕುರೆಂಟ್ ಎಂಬ ಹಳೆಯ ಕೈಬರಹ. ಇಂದಿನ ಜರ್ಮನರಿಗೂ ಕಲಿಯದೆ ಬಾರದು. ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ. ‘ಎನ್’ ಮತ್ತು ‘ಯು’ ಒಂದೇ ಥರ, ‘ಯು’ ಮೇಲೆ ಸಣ್ಣ ಕೊಂಕು ಇರುತ್ತದೆ. ಉದ್ದನೆಯ ‘ಎಸ್’ ಅಡ್ಡಗೀಟಿಲ್ಲದ ‘ಎಫ್’ನಂತೆ. ‘ಎಚ್’ ಗೆರೆಯ ಮೇಲೂ ಕೆಳಗೂ ಸುತ್ತು ಹಾಕುತ್ತದೆ.

ಮುದ್ರಿತ ಅಕ್ಷರಮಾಲೆ ಅರ್ಧ ದಾರಿಗೆ ಮಾತ್ರ, ಏಕೆಂದರೆ ಒಬ್ಬೊಬ್ಬ ಪಾದ್ರಿಯ ಕೈ ಒಂದೊಂದು ರೀತಿ. ಆ ಪುಟದಲ್ಲೇ ಯೊಹಾನ್, ಮರಿಯಾ, ಎಲಿಜಬೆತ್ ಮುಂತಾದ ಪದೇ ಪದೇ ಬರುವ ಹೆಸರುಗಳನ್ನು ಗುರುತಿಸಿ, ಅವುಗಳಿಂದ ಆ ಕೈಯ ಅಕ್ಷರಪಟ್ಟಿ ನೀವೇ ಮಾಡಿಕೊಳ್ಳಿ. ಪಾದ್ರಿ ಬದಲಾದಾಗ ಹೊಸ ಪಟ್ಟಿ ಬೇಕು. 1850ರ ಆಚೀಚೆಯ, ಅಂಕಣಗಳಿರುವ ಪುಟಗಳಿಂದ ಆರಂಭಿಸಿ ಹಿಂದಕ್ಕೆ ಹೋಗಿ. ಯಾವ ಅಂಕಣದಲ್ಲಿ ಏನಿರುತ್ತದೆಂದು ತಿಳಿದರೆ ಓದು ಅರ್ಧ ಮುಗಿದಂತೆ.

ತಾರೀಖಿನಲ್ಲಿ ಎಚ್ಚರ ಬೇಕು. ‘7ಬೆರ್’ ಜುಲೈ ಅಲ್ಲ, ಸೆಪ್ಟೆಂಬರ್ (ಲ್ಯಾಟಿನ್‌ನಲ್ಲಿ ‘ಸೆಪ್ಟೆಂ’ ಎಂದರೆ ಏಳು). ಹಾಗೆಯೇ 8 ಅಕ್ಟೋಬರ್, 9 ನವೆಂಬರ್, 10 ಅಥವಾ ‘ಎಕ್ಸ್’ ಡಿಸೆಂಬರ್. ಕೆಲವೆಡೆ ತಾರೀಖಿನ ಬದಲು ‘ಟ್ರಿನಿಟಿಯ ನಂತರದ 3ನೇ ಭಾನುವಾರ’ ಎಂದಿರುತ್ತದೆ. ಟ್ರಿನಿಟಿ ಎಂದರೆ ಈಸ್ಟರ್ ಕಳೆದು ಎಂಟು ವಾರಕ್ಕೆ ಬರುವ ಹಬ್ಬದ ಭಾನುವಾರ, ಆ ವರ್ಷದ ಈಸ್ಟರ್‌ನಿಂದ ಲೆಕ್ಕ ಹಾಕಿ. ಪ್ರೊಟೆಸ್ಟೆಂಟ್ ಪ್ರದೇಶಗಳಲ್ಲಿ ಕ್ಯಾಲೆಂಡರ್ ಬದಲಾದ ಕಾರಣ 1700ರಲ್ಲಿ ಫೆಬ್ರುವರಿ 18ರ ಮರುದಿನ ಮಾರ್ಚ್ 1.

ಪ್ರಶ್ನೆ: ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಮೂರು ಮಕ್ಕಳು. ನಮ್ಮವರು ಯಾರು? (ಧಾರವಾಡ)

ಉತ್ತರ: ಮೊದಲು ಸಮಾಧಿ ರಿಜಿಸ್ಟರ್ ನೋಡಿ, ಇದನ್ನು ಬಿಟ್ಟವರೇ ಹೆಚ್ಚು. ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುವ ರೂಢಿಯಿತ್ತು. ದೀಕ್ಷಾಸ್ನಾನದ ಪುಟದಲ್ಲಿ ಹೆಸರಿನ ಪಕ್ಕ ಶಿಲುಬೆ ಗುರುತಿದ್ದರೆ ಆ ಮಗು ಉಳಿಯಲಿಲ್ಲ ಎಂದು ತಿಳಿಯಿರಿ. ಬದುಕಿದವರಲ್ಲಿ ಯಾರು 14ರ ಸುಮಾರಿಗೆ ಕನ್ಫರ್ಮೇಶನ್ (ಚರ್ಚಿನ ಪೂರ್ಣ ಸದಸ್ಯರಾಗುವ ವಿಧಿ) ಪಡೆದರು, ಯಾರು ಊರಲ್ಲೇ ಮದುವೆಯಾದರು ಎಂದು ಒಬ್ಬೊಬ್ಬರನ್ನೇ ತೆಗೆದುಹಾಕುತ್ತಾ ಬನ್ನಿ. ಅಮೆರಿಕದ ಸಮಾಧಿ ದಾಖಲೆಯಲ್ಲಿ ವಯಸ್ಸು ವರ್ಷ, ತಿಂಗಳು, ದಿನಗಳಲ್ಲಿದ್ದರೆ ಮರಣದ ತಾರೀಖಿನಿಂದ ಕಳೆಯಿರಿ. ಒಂದೆರಡು ದಿನದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ತಾಯಿಯ ತವರಿನ ಹೆಸರು ತಾಳೆಯಾಗದೆ ಯಾರನ್ನೂ ನಮ್ಮವರೆಂದು ಒಪ್ಪಬಾರದು.

ಅಡ್ಡಹೆಸರೇ ಬದಲಾಗಿದ್ದರೂ ಗಾಬರಿ ಬೇಡ. ವೆಸ್ಟ್‌ಫೇಲಿಯಾದಲ್ಲಿ ಹೊಲಮನೆಯ ಒಡತಿಯನ್ನು ಮದುವೆಯಾದವನು ಆ ಹೊಲಮನೆಯ ಹೆಸರನ್ನೇ ಹೊರುತ್ತಿದ್ದ. ಹೆಂಗಸರ ಅಡ್ಡಹೆಸರಿನ ಕೊನೆಗೆ ‘ಇನ್’ ಸೇರಿಸುತ್ತಿದ್ದರು: ಮ್ಯೂಲರ್ ಮನೆಯವಳು ಮ್ಯೂಲರಿನ್.

ಪ್ರಶ್ನೆ: ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳ ಮೂಲವನ್ನೂ ಹೀಗೇ ಹುಡುಕಬಹುದೇ? (ಮಂಗಳೂರು)

ಉತ್ತರ: ಅವರದು ಇನ್ನೂ ಸುಲಭ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನ ಕಾಗದಪತ್ರಗಳು ಬಾಸೆಲ್‌ನಲ್ಲಿ ಅದರ ಇಂದಿನ ಉತ್ತರಾಧಿಕಾರಿ ಸಂಸ್ಥೆಯಾದ ಮಿಶನ್ 21ರ ದಾಖಲಾಗಾರದಲ್ಲಿವೆ. ಸೇರುವಾಗ ಅಭ್ಯರ್ಥಿಗಳು ತಮ್ಮ ಜೀವನ ವೃತ್ತಾಂತ ಬರೆದುಕೊಡಬೇಕಿತ್ತು, ಹಾಗಾಗಿ ಊರು ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಅನೇಕರು ನೈಋತ್ಯ ಜರ್ಮನಿಯ ವುರ್ಟೆಂಬರ್ಗ್‌ನವರು. ಅಲ್ಲಿ 1808ರಿಂದ ಒಂದು ಕುಟುಂಬಕ್ಕೆ ಒಂದು ಪುಟದಂತೆ ತಂದೆ, ತಾಯಿ, ಮಕ್ಕಳನ್ನು ಒಟ್ಟಿಗೆ ಬರೆದಿಟ್ಟ ಕುಟುಂಬ ರಿಜಿಸ್ಟರುಗಳಿವೆ. ಊರು ಬಿಟ್ಟು ಹೋದವರು ಎಲ್ಲಿಗೆ ಹೋದರೆಂಬುದನ್ನೂ ಹಲವೆಡೆ ಬರೆದಿದ್ದಾರೆ. ನಮ್ಮ ನಿಘಂಟಿನ ಕಿಟೆಲ್ ಮಾತ್ರ ಉತ್ತರದ ಪೂರ್ವ ಫ್ರೀಸ್‌ಲ್ಯಾಂಡಿನವರು. ಅಂಥ ಕಡೆ ಈ ರಿಜಿಸ್ಟರುಗಳನ್ನು ಹುಡುಕದೆ ನೇರವಾಗಿ ಪ್ಯಾರಿಷ್‌ನ ದೀಕ್ಷಾಸ್ನಾನದ ಪುಸ್ತಕಕ್ಕೇ ಹೋಗಿ.