ಓವರ್‌ಹಾಲ್ ಆದ ವಿಮಾನದ ಎಂಜಿನ್ ಅನ್ನು ನೆಲದ ಮೇಲೆ ಎಷ್ಟು ಹೊತ್ತು ಓಡಿಸಬೇಕು?

ಎಂಟು ವರ್ಷ ನಿಂತೇ ಇದ್ದ ಸೆಸ್ನಾ 150 ವಿಮಾನವನ್ನು ದುರಸ್ತಿ ಮಾಡಿ, ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು) ಕೂಡ ಮುಗಿಸಿರುವ ನೀವು, ಹಾರುವ ಮುನ್ನ ಅದನ್ನು ನೆಲದ ಮೇಲೆ ಮೂರು ನಾಲ್ಕು ಗಂಟೆ ಓಡಿಸಿ ನೋಡುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಇಂಥದೇ ವಿಮಾನವನ್ನು ಮತ್ತೆ ಹಾರಿಸಿದ ಅನುಭವದಿಂದ ಹೇಳುತ್ತೇನೆ, ದಯವಿಟ್ಟು ಬೇಡ. ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಂಡು ಕೂರಲು ಹೆಚ್ಚಿನ ಶಕ್ತಿಯಲ್ಲಿ ಮಾತ್ರ ಹುಟ್ಟುವ ಒತ್ತಡ ಬೇಕು. ನಿಂತಲ್ಲೇ ಓಡಿಸಿದರೆ ತಂಪು ಮಾಡುವ ಗಾಳಿ ಸಾಲದೆ ಸಿಲಿಂಡರು ಕಾದು, ಎಣ್ಣೆ ಗೋಡೆಯ ಮೇಲೆ ಗಾಜಿನಂಥ ಪದರವಾಗಿ ಅಂಟುತ್ತದೆ, ಆಮೇಲೆ ರಿಂಗುಗಳು ಕೂರುವುದೇ ಇಲ್ಲ.

ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಎಣ್ಣೆಯ ಒತ್ತಡದ ಮುಳ್ಳು ಮೇಲೇಳುವವರೆಗೆ ಸ್ಟಾರ್ಟರಿನಿಂದ, ನಡುನಡುವೆ ಅದಕ್ಕೆ ಬಿಡುವು ಕೊಡುತ್ತ, ಎಂಜಿನ್ ತಿರುಗಿಸಿ. ಪ್ಲಗ್ ಹಾಕಿ ಚಾಲೂ ಮಾಡಿದ ಮೇಲೆ 30 ಸೆಕೆಂಡಿನೊಳಗೆ ಒತ್ತಡ ತೋರದಿದ್ದರೆ ಕೂಡಲೇ ನಿಲ್ಲಿಸಿ. ಕೆಲವು ನಿಮಿಷ ಸೋರಿಕೆ ಮತ್ತು ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಎರಡೂ ಮ್ಯಾಗ್ನೆಟೊಗಳನ್ನು ನೋಡಿಕೊಂಡರೆ ಸಾಕು.

ಉಳಿಸಿದ ಆ ಗಂಟೆಗಳನ್ನು ಇಂಧನಕ್ಕೂ ನಿಯಂತ್ರಣಗಳಿಗೂ ಕೊಡಿ. ಈ ವಿಮಾನದಲ್ಲಿ ಇಂಧನ ರೆಕ್ಕೆಯ ಟ್ಯಾಂಕಿನಿಂದ ತನ್ನ ಭಾರದಿಂದಲೇ ಇಳಿಯುತ್ತದೆ. ಆದ್ದರಿಂದ ಮೂತಿಯನ್ನು ಏರುವ ಭಂಗಿಗೆ ಎತ್ತಿ, ಟ್ಯಾಂಕಿನಲ್ಲಿ ಸ್ವಲ್ಪವೇ ಇಂಧನ ಇಟ್ಟುಕೊಂಡು, ಕಾರ್ಬ್ಯುರೇಟರಿನ ಬಳಿ ಕೊಳವೆ ಬಿಚ್ಚಿ ಅಳತೆಯ ಪಾತ್ರೆಗೆ ಹರಿಸಿ. ಟೇಕಾಫ್ ವೇಳೆ ಎಂಜಿನ್ ಕುಡಿಯುವ ಪ್ರಮಾಣದ ಒಂದೂವರೆ ಪಟ್ಟಾದರೂ ಬರಬೇಕು. ಟ್ಯಾಂಕಿನ ಮುಚ್ಚಳ ಹಾಕಿಯೇ ಈ ಪರೀಕ್ಷೆ ಮಾಡಿ, ಏಕೆಂದರೆ ಮುಚ್ಚಳ ತೆರೆದಿದ್ದರೆ ಟ್ಯಾಂಕಿನೊಳಗೆ ಗಾಳಿ ಬಿಡುವ ಕೊಳವೆ ಕಟ್ಟಿಕೊಂಡಿರುವುದು ತಿಳಿಯುವುದೇ ಇಲ್ಲ.

ನಿಯಂತ್ರಣಗಳಲ್ಲಿ ಅವು ಸಲೀಸಾಗಿ ಆಡುತ್ತವೆಯೇ ಎಂಬುದಷ್ಟೇ ಅಲ್ಲ, ಯಾವ ದಿಕ್ಕಿಗೆ ಆಡುತ್ತವೆ ಎಂಬುದೂ ಮುಖ್ಯ. ಪೈಲಟ್ ಹಿಡಿಯುವ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ಎಡ ಏಲೆರಾನ್ (ರೆಕ್ಕೆಯ ಹಿಂಬದಿಯ ಆಡುವ ಪಟ್ಟಿ) ಮೇಲೇಳಬೇಕು. ಮೂತಿಯನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸುವ ಟ್ರಿಮ್ ಚಕ್ರವನ್ನು ಮೂತಿ ಮೇಲಾಗುವಂತೆ ತಿರುಗಿಸಿದಾಗ, ಎಲಿವೇಟರಿನ (ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿ) ಪುಟ್ಟ ಟ್ಯಾಬ್ ಕೆಳಕ್ಕೆ ಇಳಿಯಬೇಕು. ನನ್ನ ವಿಮಾನದಲ್ಲಿ ಇದೇ ಟ್ಯಾಬ್ ತಿರುವುಮುರುವಾಗಿತ್ತು. ಜೋಡಿಸಿದವನೂ ನಾನೇ, ಎರಡು ಸಲ ನೋಡಿ ಸರಿಯಿದೆ ಎಂದವನೂ ನಾನೇ! ಸಹಿ ಹಾಕಬೇಕಾದ ಎಂಜಿನಿಯರರು ಟ್ರಿಮ್ ಚಕ್ರವನ್ನು ಒಮ್ಮೆ ತಿರುಗಿಸಿ, ಬಾಲದ ಕಡೆ ನಡೆದು ಹೋಗಿ ನೋಡಿ, ಏನೂ ಹೇಳದೆ ನನ್ನನ್ನು ಕೈಬೀಸಿ ಕರೆದರು. ಹಾಗಾಗಿ ಈ ಪರೀಕ್ಷೆಯನ್ನು ಜೋಡಣೆಯಲ್ಲಿ ಕೈಯಿಡದವರಿಂದಲೇ ಮಾಡಿಸಿ.

ಹೊಸ ಬಣ್ಣ, ಹೊಸ ಸೀಟು ಹಾಕಿದ್ದರೆ ವಿಮಾನವನ್ನು ಮತ್ತೆ ತೂಗಿ ಗುರುತ್ವ ಕೇಂದ್ರವನ್ನು ಲೆಕ್ಕ ಹಾಕಬೇಕು. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೊ ಕೊಳವೆಯೊಳಗೆ ಕಣಜ ಗೂಡು ಕಟ್ಟಿದೆಯೇ ಎಂದೂ ನೋಡಿ.

ಮೊದಲ ದಿನ ಒಬ್ಬರೇ ಹಾರಿ, ರನ್‌ವೇಗೆ ತೇಲಿ ಬರಬಹುದಾದ ದೂರದಲ್ಲೇ ಸುತ್ತುತ್ತಿರಿ. ರಿಂಗುಗಳಿಗಾಗಿ ಶಕ್ತಿಯನ್ನು ಹೆಚ್ಚೇ ಇಟ್ಟಿರಿ. ಇಳಿದ ಕೂಡಲೇ ಎಂಜಿನ್ನಿನ ಹೊದಿಕೆ ತೆಗೆದು ಸೋರಿಕೆ ಹುಡುಕಿ, ಎಣ್ಣೆಯ ಜಾಲರಿಯಲ್ಲಿ ಲೋಹದ ಚೂರುಗಳಿವೆಯೇ ನೋಡಿದ ಮೇಲೆಯೇ ಎರಡನೆಯ ಹಾರಾಟದ ಮಾತು.